ಕೇಳದೆ ಕೊಟ್ಟ ಕಾಣಿಕೆ

ಸಮಾಧಾನಪ್ಪನಿಗೆ ಆ ಹೆಸರಿಟ್ಟವರು ಸ್ವಲ್ಪ ಅವಸರ ಮಾಡಿದರು ಎಂದು ಹುಬ್ಬಳ್ಳಿಯ ನಮ್ಮ ಮಿಶನ್ ಕಂಪೌಂಡಿನ ಹೆಂಗಸರೆಲ್ಲ ಆಡಿಕೊಳ್ಳುತ್ತಿದ್ದೆವು. ರೇಲ್ವೆ ಕಾರಖಾನೆಯಲ್ಲಿ ಫಿಟರ್ ಆಗಿದ್ದ ಅವನು ಸಭೆಯ ಹಿರಿಯರಲ್ಲಿ ಒಬ್ಬ. ಒಳ್ಳೆಯ ಮನುಷ್ಯ. ಕುಡಿಯುವವನಲ್ಲ, ಜೂಜಾಡುವವನಲ್ಲ, ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡಿಬರುವವನು. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮತ್ತೆ ಇನ್ನೊಬ್ಬರು ತನಗಿಂತ ಗೇಣು ಮುಂದೆ ಹೋದರೆಂದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ೧೯೩೩ರ ಸುಗ್ಗಿ ಹಬ್ಬದ ದಿನ ಈ ಎರಡನೆಯ ಗುಣವೇ ಅವನ ಮನೆಗೆ ಕಿಚ್ಚು ಹಚ್ಚಿತು.

ನಮ್ಮ ಸುಗ್ಗಿ ಹಬ್ಬವೆಂದರೆ ಬೆಳೆದದ್ದರಲ್ಲಿ ಒಂದು ಪಾಲನ್ನು ದೇವರ ಮುಂದೆ ತಂದಿಡುವ ರವಿವಾರ. ಒಬ್ಬರು ಜೋಳದ ತೆನೆ ತರುವರು, ಒಬ್ಬರು ಹುಂಜ, ಒಬ್ಬರು ಮೊಟ್ಟೆ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಅಂಗಳದಲ್ಲಿ ಲಿಲಾವು ಕೂಗಿ ಮಾರುವರು. ಪ್ರತಿವರ್ಷ ಎಲ್ಲಕ್ಕಿಂತ ದೊಡ್ಡ ಕುಂಬಳಕಾಯಿ ಸಮಾಧಾನಪ್ಪನ ಹಿತ್ತಲಿನದು. ಅದನ್ನು ಅವನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ನಡುದಾರಿಯಲ್ಲಿ ನಡೆದು ಹೋಗುವುದನ್ನು ನೋಡುವುದೇ ಒಂದು ಹಬ್ಬ. ಆ ವರ್ಷ ಇನ್ನೊಬ್ಬ ಹಿರಿಯ ಇಸ್ರಾಯೇಲಪ್ಪ ಕೊರಳಿಗೆ ಹೂವಿನ ಸರ ಹಾಕಿದ ಹೋರಿಗರುವನ್ನೇ ತಂದು ಚರ್ಚಿನ ಬಾಗಿಲಿಗೆ ಕಟ್ಟಿಬಿಟ್ಟ. ಕರು ಅಂಬಾ ಎಂದಾಗಲೆಲ್ಲ ನಾವು ತಿರುಗಿ ನೋಡಿದೆವು. ಕುಂಬಳಕಾಯಿಯ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಪ್ರಸಂಗದ ಕೊನೆಗೆ ಪಾದ್ರಿಗಳು ಒಂದು ಮಾತು ಕೇಳಿದರು. ಕೃಷ್ಣಾ ನದಿಯ ಆಚೆ ದೊಡ್ಡ ರೋಗದವರಿಗಾಗಿ, ಅಂದರೆ ಕುಷ್ಠ ಹತ್ತಿದವರಿಗಾಗಿ, ಒಂದು ಆಶ್ರಮ ತೆರೆಯುತ್ತಿದ್ದಾರೆ; ಹುಣ್ಣು ತೊಳೆದು ಪಟ್ಟಿ ಕಟ್ಟುವುದಕ್ಕೆ, ಅವರ ಜೊತೆಗೇ ಇರುವುದಕ್ಕೆ ಒಬ್ಬರು ಬೇಕು; ಗಂಡಸಾದರೂ ಸರಿ, ಹೆಂಗಸಾದರೂ ಸರಿ; ಈ ಸಭೆಯಿಂದ ಯಾರಾದರೂ ಇದ್ದೀರಾ? ಯಾರೂ ಏಳಲಿಲ್ಲ. ಆ ಕಾಲಕ್ಕೆ ದೊಡ್ಡ ರೋಗದವರನ್ನು ಮುಟ್ಟಿದವರ ಕೈಯಿಂದ ಯಾರೂ ನೀರು ಕುಡಿಯುತ್ತಿರಲಿಲ್ಲ. ಹೋದ ಹುಡುಗಿಗೆ ಮದುವೆ ಇಲ್ಲ, ತಿರುಗಿ ಬಂದರೆ ಮನೆಯೂ ಇಲ್ಲ. ನಾನು ನನ್ನ ಕಾಲಬೆರಳು ನೋಡುತ್ತ ಕುಳಿತೆ. ಹೊರಗೆ ಕರು ಮತ್ತೆ ಅಂಬಾ ಎಂದಿತು. ಸಮಾಧಾನಪ್ಪ ಎದ್ದು ನಿಂತ.

“ನನ್ನ ಮಗಳು ಎಸ್ತೇರನ್ನ ಕೊಟ್ಟೇನ್ರಿ” ಎಂದ.

ಎಸ್ತೇರಳಿಗೆ ಹದಿನೆಂಟು. ಏಳನೆಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು, ಜೂನಿನಲ್ಲಿ ಧಾರವಾಡಕ್ಕೆ ಮಾಸ್ತರಿಣಿ ಟ್ರೇನಿಂಗಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅವಳು ನನ್ನ ಮುಂದಿನ ಸಾಲಿನಲ್ಲಿದ್ದಳು. ಯಾರೋ ಬೇರೆ ಎಸ್ತೇರ ಇರಬೇಕು ಎಂಬಂತೆ ಅತ್ತಿತ್ತ ನೋಡಿದಳು. ಪಾದ್ರಿಗಳು ಕಣ್ಣೊರೆಸಿಕೊಂಡು, ಅವತ್ತಿನ ಕಾಣಿಕೆಗಳನ್ನು ದೇವರಿಗೆ ಒಪ್ಪಿಸುತ್ತ ಗಟ್ಟಿಯಾಗಿ ಓದಿದರು: ಇಸ್ರಾಯೇಲಪ್ಪನವರ ಹೋರಿಗರು, ಹುಂಜ ಎರಡು, ಕುಂಬಳಕಾಯಿ ನಾಲ್ಕು, ಸಮಾಧಾನಪ್ಪನವರ ಮಗಳು ಎಸ್ತೇರ. ನಾವೆಲ್ಲ ಅತ್ತೆವು. ನಾನೂ ಅತ್ತೆ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಮ್ಮವು ಸಾಲು ಮನೆಗಳು. ನಡುವೆ ಒಂದೇ ಗೋಡೆ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಅವತ್ತು ಆ ಮನೆಯಲ್ಲಿ ಕೋಳಿ ಸಾರು ಮಾಡಿದ್ದರು, ಉಂಡವರು ಮಾತ್ರ ಒಬ್ಬರೂ ಇಲ್ಲ. ಸಮಾಧಾನಪ್ಪನ ಹೆಂಡತಿ ದಾನವ್ವ ಗಂಗಾಳವನ್ನು ಗಂಡನ ಮುಂದೆ ಇಟ್ಟ ಸಪ್ಪಳ ನಮ್ಮ ಅಡಿಗೆಮನೆಗೆ ಕೇಳಿಸಿತು. ಕಣ್ಣಿಗೆ ಕಾಣದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು.

“ಯಾರನ್ನ ಕೇಳಿ ಕೊಟ್ರಿ?”

“ದೇವರು ಕೇಳಿದ, ಕೊಟ್ಟೆ.”

“ದೇವರು ಕೇಳಿದ್ದು ನನಗ ಕೇಳಿಸಲಿಲ್ಲ. ಪಾದ್ರಿಗೋಳು ಕೇಳಿದ್ದು ಕೇಳಿಸ್ತು. ಆಮ್ಯಾಲ ಇಸ್ರಾಯೇಲಪ್ಪನ ಕರ ಒದರಿದ್ದು ಕೇಳಿಸ್ತು.”

“ನಾಲಿಗಿ ಹಿಡದು ಮಾತಾಡು! ಅಬ್ರಹಾಮ ದೇವರಿಗೆ ತನ್ನ ಮಗನ್ನ ಬಲಿ ಕೊಡಾಕ ಹೊಂಟಿದ್ದಿಲ್ಲೇನು?”

“ಹೇಣತಿ ಸಾರಳಿಗೆ ಹೇಳಲಾರದ ಹೊಂಟಿದ್ದ. ಹೇಳಿದ್ರ ಆಕಿ ಆ ಕತ್ತಿ ಕಸಗೊಂಡು ಒಲ್ಯಾಗ ಒಗೀತಿದ್ಲು.”

ಮೂಲೆಯಲ್ಲಿ ಕುಳಿತಿದ್ದ ಮುದುಕಿ ಮುರಿಗೆವ್ವನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಆಕೆ ಸಮಾಧಾನಪ್ಪನ ತಾಯಿ. ಗರಗದ ಲಿಂಗಾಯತರ ಮನೆಯ ಮಗಳು, ಗಂಡ ನಂಬಿದ ಮೇಲೆ ತಾನೂ ಕ್ರಿಸ್ತನನ್ನು ನಂಬಿ ಬಂದವಳು. ದೀಕ್ಷಾಸ್ನಾನದಲ್ಲಿ ಮರಿಯವ್ವ ಎಂದು ಹೆಸರಿಟ್ಟಿದ್ದರು. ಹಾಗೆ ಕರೆಯುವವರು ಮಾತ್ರ ಯಾರೂ ಇರಲಿಲ್ಲ.

“ಅಪ್ಪಾ,” ಎಸ್ತೇರಳ ದನಿ ಸಣ್ಣಗಿತ್ತು, “ಜೂನದಾಗ ನಾ ಧಾರವಾಡಕ್ಕ ಹೋಗಬೇಕಿತ್ತಲ್ರಿ.”

“ಟ್ರೇನಿಂಗ ಯಾರರೆ ಮಾಡತಾರ. ಇದು ಆರಿಸಿದವರಿಗಷ್ಟ ಸಿಗತೈತಿ.”

“ಆರಿಸಿದವರು ನೀವರಿ.”

“ಶಿಲುಬಿ ಹೊರಲಾರದ ಕರ್ತನ ಶಿಷ್ಯ ಆಗೂದು ಹೆಂಗ? ಕಷ್ಟ ಪಡದನ ಕಿರೀಟ ಬೇಕೇನು ನಿನಗ?”

“ನಾ ಕಿರೀಟ ಕೇಳಿಲ್ರಿ, ಅಪ್ಪಾ” ಎಂದಳು ಎಸ್ತೇರ, ಎದ್ದು ಹಿತ್ತಲಿಗೆ ಹೋದಳು. ಸಾರು ಆರಿತು.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ರವಿವಾರ ಸಭೆಯ ಮುಂದೆ ನಿಲ್ಲಿಸಿ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ಮರುದಿನ ಸೋಮವಾರ ಕಳಿಸುವುದು ಎಂದು ಗೊತ್ತುಮಾಡಿದರು. ಅದಕ್ಕೆ ಏಳು ವಾರ ಇತ್ತು. ಆ ಏಳು ವಾರದಲ್ಲಿ ಸಮಾಧಾನಪ್ಪ ದೊಡ್ಡ ಮನುಷ್ಯನಾದ. ಗದಗಿನ ಕಡೆಯ ಸಭೆಗಳಿಂದ ಅವನನ್ನು ಹೊಗಳಿ ಕಾಗದ ಬಂದವು. ಅವನ ಮುಂದೆ ಇಸ್ರಾಯೇಲಪ್ಪ ಬೆಂಚಿನ ತುದಿಗೆ ಸರಿದು ಕೂಡತೊಡಗಿದ. ಹೆಂಗಸರು ಎಸ್ತೇರಳ ಕೆನ್ನೆ ಸವರಿ “ಪುಣ್ಯವಂತಿ” ಎನ್ನುವರು, ಸವರಿದ ಕೈಯಿಂದಲೇ ತಮ್ಮ ಹೆಣ್ಣುಮಕ್ಕಳನ್ನು ಹತ್ತಿರ ಎಳೆದುಕೊಳ್ಳುವರು. ಮಾರ್ಚಿನಲ್ಲಿ ಧಾರವಾಡದಿಂದ ಕಾಗದ ಬಂತು: ಸೀಟು ಸಿಕ್ಕಿದೆ, ಬರುವಿರೋ ಇಲ್ಲವೋ ತಿಳಿಸಿರಿ. ಸಮಾಧಾನಪ್ಪ ಅದನ್ನು ಓದಿ ಮಡಚಿ ಜೇಬಿಗೆ ಹಾಕಿದ. ಎಸ್ತೇರ ಬಾಗಿಲಲ್ಲೇ ನಿಂತಿದ್ದಳು.

“ಅದು ನನ್ನ ಹೆಸರಿಗೆ ಬಂದ ಕಾಗದ ಅಲ್ರಿ?”

“ನಿನ್ನ ಹೆಸರ ಈಗ ಬ್ಯಾರೆ ಕಡೆ ಹೋಗೇತಿ” ಎಂದು ಅವನು ಕಾರಖಾನೆಗೆ ನಡೆದ.

ಆ ದಿನ ಮೊಟ್ಟೆ ಮಾರುವ ಹಾಜರಾಬಿ ಬಂದಿದ್ದಳು. ಬುಟ್ಟಿ ಇಳಿಸಿ ದಾನವ್ವನ ಮುಖ ನೋಡಿದಳು. “ಕೇಳೇನವಾ. ಮಗಳನ್ನ ಕುರ್ಬಾನಿ ಕೊಟ್ರಂತಲ್ಲ.”

“ನಮ್ಮ ಅಬ್ರಹಾಮ, ನಿಮ್ಮ ಇಬ್ರಾಹಿಂ ಕೊಟ್ಟಂಗ ಕೊಟ್ಟೇನಿ ಅಂತಾರ ನಮ್ಮ ಮನಿಯವರು.”

“ಹಂಗ ಹೆಂಗ ಆಗತೈತವಾ?” ಹಾಜರಾಬಿ ಮೊಟ್ಟೆಯೊಂದನ್ನು ಬಿಸಿಲಿಗೆ ಹಿಡಿದು ನೋಡುತ್ತ ಹೇಳಿದಳು. “ನಮ್ಮ ಮೌಲವಿಗೋಳು ಹೇಳತಾರ, ಇಬ್ರಾಹಿಂ ಪೈಗಂಬರ ಮೊದಲ ಮಗನ್ನ ಕೇಳಿದ್ರಂತ. ಹಿಂಗ ಕನಸ ಬಿದ್ದೈತಿ ಮಗನ, ನಿನಗೇನನಸತೈತಿ ಹೇಳು ಅಂತ. ಮಗಾ ಹೂಂ ಅಂದ ಮ್ಯಾಲ ಹೊಂಟದ್ದು.”

“ಕೇಳಿದ್ರಾ?”

“ಕೇಳಿದ್ರವಾ. ಕೇಳಲಾರದ ಕೊಟ್ರ ಅದು ಕುರ್ಬಾನಿ ಹೆಂಗ?”

ದಾನವ್ವ ಆ ಹೊತ್ತು ಎಷ್ಟು ಮೊಟ್ಟೆ ತೆಗೆದುಕೊಂಡಳೋ ಅವಳಿಗೇ ನೆನಪಿರಲಿಲ್ಲ. ಮರುದಿನದಿಂದ ಆ ಮನೆಯಲ್ಲಿ ಸಾಮಾನು ಕಾಣೆಯಾಗತೊಡಗಿದವು. ಮೊದಲು ಸಮಾಧಾನಪ್ಪನ ಕಂಬಳಿ. “ಎಲ್ಲಿ?” ಎಂದರೆ “ಇಲ್ಲೇ ಎಲ್ಲೋ ಇರಬೇಕು” ಎಂದಳು. ಆಮೇಲೆ ಅವನ ಬುತ್ತಿ ಡಬ್ಬಿ. ಎರಡು ದಿನ ಅವನು ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋದ. ಮೂರನೆಯ ಸಲ ಹೋದದ್ದು ಕೋಟು. ಕಾರಖಾನೆಯ ದೊರೆ ವಿಲಾಯತಿಗೆ ಮರಳುವಾಗ ಕೊಟ್ಟುಹೋದ ಉಣ್ಣೆಯ ಕೋಟು ಅದು. ಫಾಲ್ಗುಣದ ಬಿಸಿಲಲ್ಲೂ ಚರ್ಚಿಗೆ ಅದನ್ನೇ ಹಾಕಿಕೊಂಡು ಬೆವರು ಸುರಿಸುತ್ತ ಕುಳಿತಿರುತ್ತಿದ್ದ. ರವಿವಾರ ಬೆಳಿಗ್ಗೆ ಗೂಟ ಬರಿದಾಗಿತ್ತು.

“ನನ್ನ ಕೋಟ ಎಲ್ಲೈತಿ?”

“ಕೊಟ್ಟೆ” ಎಂದಳು ದಾನವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ಯಾರಿಗೆ?”

“ಸ್ಟೇಶನ್ನಿನ ಮುಂದ ಕುಂದರತಾನಲ್ಲ, ಬೆರಳಿಲ್ಲದ ಫಕೀರಪ್ಪ, ಅಂವಗ. ದೇವರಿಗೆ ಕೊಟ್ಟಂಗ ಅಂತ ತಿಳಕೊಂಡು ಕೊಟ್ಟೆ. ತೋಳಿನಾಗ ಅವನ ಕೈ ತೂರಿಸಿ ಬಂದೆ. ಕಂಬಳಿ, ಬುತ್ತಿ ಡಬ್ಬೀನೂ ಅವನ ಹತ್ರನ ಅದಾವ.”

“ತಲಿ ಕೆಟ್ಟೈತೇನು ನಿನಗ? ಅದು ನನ್ನ ಕೋಟು! ಕೊಡೂಕ್ಕಿಂತ ಮೊದಲ ನನ್ನ ಒಂದ ಮಾತ ಕೇಳಬಾರದಿತ್ತೇನು?”

ದಾನವ್ವ ಈಗ ಕೈ ನಿಲ್ಲಿಸಿದಳು. “ಕೋಟಿಗೆ ಕೇಳಬೇಕೇನ್ರಿ? ಮಗಳಿಗೆ ಬ್ಯಾಡೇನು?”

ಸಮಾಧಾನಪ್ಪ ಕೈ ಎತ್ತಿದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಎತ್ತಿದ್ದು ಅದೇ ಮೊದಲು. ದಾನವ್ವ ತಲೆ ತಗ್ಗಿಸಲಿಲ್ಲ. ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತ ಕುಳಿತಳು. ಒಲೆಯ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಮುರಿಗೆವ್ವ ಮೂಲೆಯಿಂದ “ಸಮಾಧಾನಾ” ಎಂದಳು, ಅಷ್ಟೇ. ಕೈ ಇಳಿಯಿತು. ಅಂಗಿಯ ಮೇಲೆಯೇ ಚರ್ಚಿಗೆ ಹೋದ. ಅವತ್ತು ಅವನಿಗೆ ಬೆವರು ಬರಲಿಲ್ಲ, ಆದರೆ ಮುಖ ಬೆಂದವನ ಹಾಗಿತ್ತು.

ಇಷ್ಟಕ್ಕೇ ಮನಸ್ಸು ತಿರುಗುವ ಮನುಷ್ಯ ಅವನಲ್ಲ. ತಾನು ಕೊಟ್ಟದ್ದಕ್ಕೆ ಮನೆಯವರು ಅಡ್ಡ ಬರುತ್ತಿದ್ದಾರೆ, ಇದೇ ತನ್ನ ಶಿಲುಬೆ ಎಂದು ಅವನು ಪ್ರಾರ್ಥನಾಕೂಟದಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದ. ಅದನ್ನು ಕೇಳಿದ ದಾನವ್ವ ಮನೆಗೆ ಬಂದು “ನಾವು ನಿಮಗ ಶಿಲುಬಿ ಆದ್ವೇನು? ಹೊತ್ತವರು ಯಾರು, ಹೊರಿಸಿಕೊಂಡವರು ಯಾರು, ತುಸು ನೋಡಿಕೋರಿ” ಎಂದಳು. ಎರಡು ವಾರ ಗಂಡಹೆಂಡಿರ ನಡುವೆ ಮಾತಿಲ್ಲ, ಅಪ್ಪಮಗಳ ನಡುವೆಯೂ ಇಲ್ಲ. “ಆಯಿ, ಅಪ್ಪಗ ಚಾ ಬೇಕೇನು ಕೇಳು” ಎಂದು ಎಸ್ತೇರ ಅಜ್ಜಿಗೆ ಹೇಳಬೇಕು, ಅಜ್ಜಿ ಮಗನಿಗೆ ಕೇಳಬೇಕು. ಚಹಾ ಮುಟ್ಟುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು.

ಎಸ್ತೇರ ಮಾತ್ರ ಕೆಲಸದಲ್ಲಿ ಮುಳುಗಿದಳು. ಅಜ್ಜಿಯ ಕೌದಿ ಹೊಲಿದಳು, ಶೇಂಗಾ ಒಡೆದಳು, ಸಂಡೇಸ್ಕೂಲಿನ ಮಕ್ಕಳಿಗೆ ಹಾಡು ಕಲಿಸಿದಳು. ಒಂದು ಮಧ್ಯಾಹ್ನ ನೀರಿಗೆ ಹೋದಾಗ ಬಾವಿಯ ಹತ್ತಿರ ನನ್ನನ್ನು ಕೇಳಿದಳು: “ಕಾಕೂ, ನೀವೂ ಅತ್ತಿದ್ರೆಲ್ಲ ಆ ದಿನ. ಯಾತಕ್ಕ ಅತ್ರಿ?” “ನನ್ನ ಮಗಳು ಸುಶೀಲಾ ಅಲ್ಲ ಅಂತ ಅತ್ತೆನೋ ಏನೋ” ಎಂದೆ, ಬಾಯಿ ತಪ್ಪಿ. ಅವಳು ಸಿಟ್ಟು ಮಾಡಲಿಲ್ಲ. ನನ್ನ ಕೊಡವನ್ನೂ ಎತ್ತಿಕೊಟ್ಟಳು.

ಗರಿಗಳ ರವಿವಾರಕ್ಕೆ ಎರಡು ದಿನ ಇರುವಾಗ, ಶುಕ್ರವಾರ ಸಂಜೆ, ಯೇಸು ಪಟ್ಟ ಪಾಡನ್ನು ನೆನೆಯುವ ಶ್ರಮೆಯ ದಿನಗಳ ಕೂಟದಲ್ಲಿ ಪಾದ್ರಿಗಳು ಕುರೇನ್ಯದ ಸೀಮೋನನ ಮೇಲೆ ಪ್ರಸಂಗ ಮಾಡಿದರು. ಹೊಲದಿಂದ ಬರುತ್ತಿದ್ದ ಆ ಮನುಷ್ಯನನ್ನು ಹಿಡಿದು ಯೇಸುವಿನ ಶಿಲುಬೆಯನ್ನು ಹೊರಿಸಿದ ಕಥೆ. ಸಮಾಧಾನಪ್ಪನಿಗೆ ಅದು ಹಸಿದವನಿಗೆ ಊಟ ಸಿಕ್ಕ ಹಾಗಾಯಿತು. ಮನೆಗೆ ಬಂದವನೇ ಊಟಕ್ಕೆ ಕುಳಿತು, ಪುಂಡಿಪಲ್ಯದ ಗಂಗಾಳದ ಮುಂದೆ ಎರಡು ವಾರದ ಮೌನ ಮುರಿದ.

“ಕೇಳಿದ್ರೆಲ್ಲ? ಸೀಮೋನನ್ನ ಯಾರೂ ‘ಹೊರತೀಯೇನು’ ಅಂತ ಕೇಳಲಿಲ್ಲ. ಹಿಡದ್ರು, ಹೊರಿಸಿದ್ರು. ಹೊತ್ತ. ಅವನ ಹೆಸರ ಇವತ್ತಿಗೂ ಉಳದೈತಿ. ಕೇಳಲಾರದ ಹೊರಿಸಿದ ಶಿಲುಬೀನೂ ಶಿಲುಬೀನ.”

ದಾನವ್ವ ಪಲ್ಯದ ಸೌಟನ್ನು ಪಾತ್ರೆಗೆ ಬಿಟ್ಟಳು. ಆಗ ಮುರಿಗೆವ್ವ ತನ್ನ ಗಂಗಾಳ ಪಕ್ಕಕ್ಕೆ ಸರಿಸಿದಳು.

“ಸತ್ಯವೇದದಾಗ ಅದಕ್ಕ ಏನಂತಾರೋ, ಸಮಾಧಾನಾ? ಹಿಡದು ಹೊರಿಸೂದಕ್ಕ?”

“ಬಿಟ್ಟಿ ಹಿಡದ್ರು ಅಂತಾರ.”

“ಬಿಟ್ಟಿ.” ಮುದುಕಿ ತಲೆಯಾಡಿಸಿದಳು. “ಬಿಟ್ಟಿ ನಾ ಕಂಡೇನಿ. ನಮ್ಮ ಗರಗದಾಗ ಸಾಹೇಬನ ಡೇರೆ ಬಂತಂದ್ರ ಸಿಪಾಯಿಗೋಳು ಓಣಿ ಹೊಕ್ಕು ಸಿಕ್ಕವರನ್ನ ಹಿಡೀತಿದ್ರು. ನಮ್ಮಣ್ಣ ಕುಬೇರಪ್ಪನ್ನ ಬಿತ್ತಗಿ ದಿನಾ ಗಾಡಿ ಸುದ್ದಾ ಹಿಡಕೊಂಡು ಹೋದ್ರು. ಎಂಟ ದಿನಾ ಸಾಮಾನ ಹೊತ್ತು ಬಂದ. ಊರವರು ಅವನ್ನ ಪುಣ್ಯವಂತ ಅನಲಿಲ್ಲ. ಸಿಪಾಯಿಗೋಳಿಗೆ ಹಿಡಿ ಮಣ್ಣ ತೂರಿ ಶಾಪ ಹಾಕಿದ್ರು.”

“ಯವ್ವಾ, ಅದು ಬ್ಯಾರೆ.”

“ಏನ ಬ್ಯಾರೆ? ಸೀಮೋನ ಹೊತ್ತ, ಖರೇ. ಅವಂದು ದೊಡ್ಡ ಮನಸ. ಆದರ ಬಿಟ್ಟಿ ಹಿಡದವರು ಯಾರು? ಶಿಷ್ಯರೇನು? ಸಿಪಾಯಿಗೋಳು. ಸ್ವಾಮಿಯ ಕೈಗೆ ಮೊಳಿ ಹೊಡದಾವ್ರು. ಆ ಕಥಿಯಾಗ ನೀ ಯಾರ ಕಡೆ ನಿಂತೀಯೋ, ನನ್ನಪ್ಪಾ?”

ಗೋಡೆಯ ಈಚೆ ನಾನು ಹಾಲು ಕಾಯಿಸುತ್ತಿದ್ದೆ. ಉಕ್ಕಿ ಹೋಯಿತು, ಇಳಿಸಲಿಲ್ಲ. ಮುದುಕಿಯೇ ಮತ್ತೆ ಶುರು ಮಾಡಿದಳು, ಈಗ ದನಿ ಮೆತ್ತಗಾಗಿತ್ತು.

“ನಿಮ್ಮಪ್ಪ ನನಗಿಂತ ಎರಡ ವರ್ಷ ಮೊದಲ ಸ್ನಾನ ತಗೊಂಡ. ಜನಾ ಅಂದ್ರು, ಹೇಣತಿನ್ನ ಎಳಕೊಂಡ ಬಾ, ಗಂಡ ಇದ್ದಲ್ಲೆ ಹೇಣತಿ. ಅಂವ ಒಲ್ಲೆ ಅಂದ. ಎರಡ ವರ್ಷ ದಿನಾ ಸಂಜಿಕೆ ನಮ್ಮ ತವರಮನಿ ಹೊರಗಿನ ಕಟ್ಟೀಗೆ ಬಂದ ಕುಂದರತಿದ್ದ. ಒಳಗ ಕರೀತಿದ್ದಿಲ್ಲ ನಮ್ಮವರು. ಆಮ್ಯಾಲೊಂದಿನ ನನಗ ಅನಿಸ್ತು. ಕೊರಳಾನ ಲಿಂಗ ನಾನ ಬಿಚ್ಚಿ, ಕಣ್ಣಿಗೊತ್ತಿಕೊಂಡು, ನಮ್ಮವ್ವನ ಕೈಯಾಗ ಇಟ್ಟೆ. ಆಕಿ ಅತ್ಲು, ನಾನೂ ಅತ್ತೆ. ಆಮ್ಯಾಲ ಆಕಿ ಸಾಯೂತನಾ ನನ್ನ ಮಾರಿ ನೋಡಲಿಲ್ಲ. ಆ ತ್ರಾಸು ಎಂಥಾದ್ದು ಅಂತ ನನಗ ಗೊತ್ತೈತಿ. ಆದರ ಅದು ನಾನ ಹೊತಗೊಂಡದ್ದು, ಸಮಾಧಾನಾ. ನಿಮ್ಮಪ್ಪ ಆವತ್ತ ಎಳಕೊಂಡ ಬಂದಿದ್ರ ನಾ ಬರತಿದ್ದೆ, ಆದರ ಸ್ವಾಮಿಯ ಹತ್ರ ಬರತಿದ್ದಿಲ್ಲ. ನಿಮ್ಮಪ್ಪನ ಹಿಂದ ಬರತಿದ್ದೆ, ಅಷ್ಟ.”

ಎಸ್ತೇರ ಅಪ್ಪನ ಎದುರಿಗೆ ಬಂದು ಕುಳಿತಳು.

“ಅಪ್ಪಾ, ಒಂದ ಮಾತ ಕೇಳತೇನಿ, ಖರೇ ಹೇಳ್ರಿ. ಆ ದಿನ ಪಾದ್ರಿಗೋಳು ಯಾರ ಹೋಗತೀರಿ ಅಂದಾಗ ನಿಮಗ ಮೊದಲ ಯಾರ ನೆನಪಾತು? ನಾನೇನ್ರಿ?”

ಸಮಾಧಾನಪ್ಪ ಗಂಗಾಳದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. ಸಿಟ್ಟು ಬರಲಿ ಎಂದು ಕಾದನೋ ಏನೋ, ಅವತ್ತು ಅದು ಬರಲಿಲ್ಲ.

“ಇಲ್ಲ” ಎಂದ ಕೊನೆಗೆ.

“ಮತ್ತ?”

“ನಾನ. ನಾ ಹೋಗಬೇಕು ಅಂತ ಬಂತು. ಗಂಡಸಾದ್ರೂ ಆಗತೈತಿ ಅಂದಿದ್ರಲ್ಲ. ಫಕೀರಪ್ಪನ ಕೈ ಕಣ್ಣ ಮುಂದ ಬಂತು. ಎದಿ ಝಲ್ ಅಂತು. ಅಷ್ಟರಾಗ ಎದ್ದ ನಿಂತಿದ್ದೆ. ಎಲ್ಲಾರೂ ನನ್ನ ನೋಡಾಕತ್ತಿದ್ರು. ಏನರೆ ಅನಬೇಕಿತ್ತು. ನಿನ್ನ ಹೆಸರ ಬಾಯಾಗ ಬಂತು.”

ದಾನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಸ್ತೇರ ಅಳಲಿಲ್ಲ. “ನನಗೂ ಅಂಜಿಕ್ಯಾಗತೈತ್ರಿ” ಎಂದಳು. “ನನಗೂ ಅವನ ಕೈ ಕನಸಿನಾಗ ಬರತಾವ. ನಿಮಗ ಅಂಜಿಕಿ ಬಂದಾಗ ನಾ ಇದ್ದೆ ಅಡಗಾಕ. ನನಗ ಯಾರದಾರ?”

ಸಮಾಧಾನಪ್ಪ ಗಂಗಾಳ ಸರಿಸಿ ಎದ್ದು ಹಿತ್ತಲಿಗೆ ಹೋದ. ಗೋಡೆಯ ಈಚೆ ನಾನು ಉಕ್ಕಿದ ಹಾಲನ್ನು ಒರೆಸಿದೆ.

ಗರಿಗಳ ರವಿವಾರ ಚರ್ಚು ತುಂಬಿ ಅಂಗಳದವರೆಗೆ ಜನ. ಹುಡುಗರು ಈಚಲ ಗರಿ ಹಿಡಿದು ಹಾಡುತ್ತ ಒಳಗೆ ಬಂದರು. ಪಾದ್ರಿಗಳು ಎಸ್ತೇರಳನ್ನು ಮುಂದಕ್ಕೆ ಕರೆದರು. ಬಿಳಿ ಸೀರೆ ಉಟ್ಟಿದ್ದಳು. ಅಪ್ಪ ಏನು ಮಾಡುವನೋ ಅವಳಿಗೂ ಗೊತ್ತಿರಲಿಲ್ಲ. ಎರಡು ದಿನದಿಂದ ಅವನು ಯಾರೊಡನೆಯೂ ಮಾತಾಡಿರಲಿಲ್ಲ. ಪಾದ್ರಿಗಳು ಕೈ ಎತ್ತಿ ಅವಳ ತಲೆಯ ಮೇಲೆ ಇಡಬೇಕು, ಅಷ್ಟರಲ್ಲಿ ಹಿರಿಯರ ಬೆಂಚಿನಿಂದ ಸಮಾಧಾನಪ್ಪ ಎದ್ದ.

“ತಡೀರಿ ಪಾದ್ರಿಗಳ. ನಾ ಕೊಟ್ಟದ್ದನ್ನ ಇಸಗೊಳ್ಳಾಕ ಬಂದೇನಿ.”

ಹುಡುಗರು ಈಚಲ ಗರಿಗಳನ್ನು ಕೆಳಗಿಳಿಸಿದರು.

“ಆ ದಿನ ನೀವು ಕೇಳಿದಾಗ ನಾ ಹೋಗಬೇಕು ಅಂತ ನನಗ ಅನಿಸಿತ್ತು. ಅಂಜಿದೆ. ಅಂಜಿ ಮಗಳ ಹಿಂದ ಅಡಗಿದೆ. ನನ್ನದಲ್ಲದ್ದನ್ನ ಕೊಟ್ಟೆ, ನೀವೆಲ್ಲಾ ಕಣ್ಣೀರ ಹಾಕಿದ್ರಿ. ನನಗ ಛಲೋ ಅನಿಸ್ತು. ಅದು ತ್ಯಾಗ ಅಲ್ರಿ. ಬಿಟ್ಟಿ ಹಿಡದದ್ದು.”

ಇಸ್ರಾಯೇಲಪ್ಪ ಕೂತಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ದೇವರಿಗೆ ಕೊಟ್ಟದ್ದನ್ನ ಇಸಗೊಳ್ಳೂದು ಇದ ಮೊದಲ ನೋಡಿದ್ದಪಾ.”

“ನಾನೂ ಇದ ಮೊದಲ, ಇಸ್ರಾಯೇಲಪ್ಪ” ಎಂದ ಸಮಾಧಾನಪ್ಪ. ಅವನ ಕೊರಳಿನ ನರ ಉಬ್ಬಿತ್ತು, ದನಿ ಮಾತ್ರ ಏರಲಿಲ್ಲ.

ಪಾದ್ರಿಗಳು ಎತ್ತಿದ ಕೈ ಇಳಿಸಿದರು. ಆಮೇಲೆ ಎಸ್ತೇರಳ ಕಡೆ ತಿರುಗಿದರು. “ನಿನ್ನ ಮಾತೇನು, ತಾಯಿ? ನಾನೂ ಆವತ್ತ ಕೇಳಬೇಕಿತ್ತು, ಕೇಳಲಿಲ್ಲ.”

“ನಾ ಧಾರವಾಡಕ್ಕ ಹೋಗತೇನ್ರಿ” ಎಂದಳು ಎಸ್ತೇರ. ಅಳುಕಿತ್ತು, ಆದರೆ ಹಿಂದಿನ ಸಾಲಿನವರೆಗೂ ಕೇಳಿಸಿತು. “ಕಲಿತ ಮ್ಯಾಲ ದೇವರಿಗೆ ನನ್ನಿಂದ ಏನರೆ ಬೇಕಾದ್ರ ನನ್ನ ಕೇಳಲಿ. ನಾ ಅಲ್ಲೇ ಇರತೇನಿ.”

ಅವಳು ಹಿಂದಿರುಗಿ ಬಂದು ತಾಯಿಯ ಪಕ್ಕದಲ್ಲಿ ಕುಳಿತಳು. ಈ ಸಲ ಯಾರೂ ಅಳಲಿಲ್ಲ. ಆರಾಧನೆ ಮುಗಿದ ಮೇಲೆ ಯಾರೂ ಅವರ ಹತ್ತಿರ ಬಂದು ಮಾತಾಡಿಸಲೂ ಇಲ್ಲ. ನಾಲ್ವರು ಒಬ್ಬರ ಹಿಂದೆ ಒಬ್ಬರು ಮನೆಗೆ ನಡೆದರು, ಜನ ಇಬ್ಬದಿಗೆ ಸರಿದು ದಾರಿ ಕೊಟ್ಟರು. ನಾನು ಹಿಂದೆ ಹೋಗಿ ಮುರಿಗೆವ್ವನ ಕೈ ಹಿಡಿದುಕೊಂಡೆ. ಅಷ್ಟಾದರೂ ಮಾಡಿದೆನಲ್ಲ ಎಂದು ಈಗ ಸಮಾಧಾನ.

ಊಟಕ್ಕೆ ನನ್ನನ್ನೂ ಅಲ್ಲೇ ಕೂಡಿಸಿಕೊಂಡರು. ಝುಣಕ, ರೊಟ್ಟಿ. ಸಮಾಧಾನಪ್ಪ ಧಾರವಾಡದ ಕಾಗದವನ್ನು ಜೇಬಿನಿಂದ ತೆಗೆದು ಮಗಳ ಮುಂದೆ ಇಟ್ಟ.

“ಒಂದ ಮಾತೈತಿ. ಆಶ್ರಮಕ್ಕ ಇನ್ನೂ ಒಬ್ಬರು ಬೇಕು. ನನಗ ಬಂದ ದೇವರ ಕರಿ ಇನ್ನೂ ಹೋಗಿಲ್ಲ ಅನಸತೈತಿ. ನಾನ ಹೋಗಬೇಕಂತ ಮಾಡೇನಿ.”

ದಾನವ್ವ ಥಟ್ಟನೆ ತಲೆ ಎತ್ತಿದಳು. “ಮತ್ತ ಕೊಟ್ಟ ಬಂದ್ರೇನು? ಯಾರ ಮುಂದ ಅಂದ್ರಿ?”

“ಯಾರ ಮುಂದೂ ಅಂದಿಲ್ಲ. ಪಾದ್ರಿಗಳಿಗೂ ಹೇಳಿಲ್ಲ. ಮೊದಲ ಇಲ್ಲೆ ಕೇಳಾಕತ್ತೇನಿ.” ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. “ಹೋಗಲೇನು?”

ಮುರಿಗೆವ್ವ ಕಣ್ಣು ಮುಚ್ಚಿಕೊಂಡಳು. “ನನಗ ಎಪ್ಪತ್ತಾರು. ನೀ ಹೋದ್ರ ಮತ್ತ ನಿನ್ನ ನೋಡತೇನೋ ಇಲ್ಲೋ. ಆದರೂ ನಿಮ್ಮಪ್ಪನ್ನ ಯಾರೂ ಹಿಡಿದಿಡಲಿಲ್ಲ. ನಾ ಅಡ್ಡ ಬರಂಗಿಲ್ಲ.”

“ನನಗ ಗೊತ್ತಾಗವಲ್ದರಿ ಅಪ್ಪಾ” ಎಂದಳು ಎಸ್ತೇರ.

ಎಲ್ಲರೂ ದಾನವ್ವನ ಕಡೆ ನೋಡಿದೆವು. ಅವಳು ರೊಟ್ಟಿಯನ್ನು ಹಂಚಿನಿಂದ ತೆಗೆದು ಬುಟ್ಟಿಗೆ ಹಾಕಿದಳು. ಹಂಚನ್ನೂ ಇಳಿಸಿದಳು. ಕೈ ಒರೆಸಿಕೊಂಡಳು.

“ಇಪ್ಪತ್ತೆರಡ ವರ್ಷದಾಗ ನೀವು ನನ್ನ ಒಂದ ಮಾತ ಕೇಳಿದ್ದು ಇದ ಮೊದಲ. ಕೇಳಿದ್ರಿ ಅಂತ ಖರೇ ಹೇಳತೇನಿ. ಒಲ್ಲೆ. ನೀವು ಹೋಗಬ್ಯಾಡ್ರಿ.”

“ದೇವರು ಕರದ್ರ...” ಎಂದು ಶುರು ಮಾಡಿದ ಸಮಾಧಾನಪ್ಪ.

“ಕರೀಲಿ. ನನಗೂ ಅಂವನ ದೇವರು. ನೀವು ಹೋದ್ರ ಈ ಮನಿ ಹೊರಾಕಿ ನಾನು. ನಾ ಹೊರಲೋ ಬ್ಯಾಡೋ ಅಂತ ಕೇಳಿದ್ರಿ. ಇವತ್ತ ನನ್ನ ಕಡಿಂದ ಆಗೂದಿಲ್ಲ. ನಾಳೆ ಏನಂತೇನೋ ಗೊತ್ತಿಲ್ಲ. ಬೇಕಾದ್ರ ನಾಳೆ ಮತ್ತ ಕೇಳ್ರಿ.”

ಅವನ ಬಾಯಲ್ಲಿ ಮಾತು ಬಂದು ನಿಂತದ್ದು ನನಗೆ ಕಾಣಿಸುತ್ತಿತ್ತು. ಅಬ್ರಹಾಮನ ಮಾತೋ, ಕಿರೀಟದ ಮಾತೋ. ಹೊಸ ಸಿಟ್ಟಲ್ಲ, ಹಳೆಯದೇ ಮೇಲೆದ್ದಿತ್ತು. ಅದನ್ನು ಅವನು ನುಂಗಿದ. ನುಂಗುವುದು ಎಷ್ಟು ಕಷ್ಟವಾಯಿತು ಎಂದರೆ ಕಣ್ಣಲ್ಲಿ ನೀರು ಬಂತು. ಅವನು ಸುಗ್ಗಿ ಹಬ್ಬದ ದಿನ ಕೊಟ್ಟದ್ದಕ್ಕಿಂತ ದೊಡ್ಡದನ್ನು ಆ ಒಲೆಯ ಮುಂದೆ ಕೊಟ್ಟ ಎಂದು ನಾನು ತಿಳಿದುಕೊಂಡಿದ್ದೇನೆ. ನೋಡಿದವರು ನಾವು ಮೂವರು ಹೆಂಗಸರು, ಒಬ್ಬ ಹುಡುಗಿ, ಅಷ್ಟೇ.

“ಆತು” ಎಂದ. “ನಾಳೆ ಕೇಳತೇನಿ.”

ಮರುದಿನವೂ ಕೇಳಿದ, ಆಮೇಲೂ ಕೇಳುತ್ತಿದ್ದ ಎಂದು ದಾನವ್ವ ನನಗೆ ಹೇಳಿದ್ದಾಳೆ. ಅವಳು ಏನೆಂದಳು ಎಂಬುದು ಅವರಿಬ್ಬರ ಮಾತು. ಸಭೆಯ ಹಿರಿತನವನ್ನು ಅವನೇ ಬಿಟ್ಟುಕೊಟ್ಟ. ಕಾರಖಾನೆಯಲ್ಲಿ ಕಂಪೌಂಡಿನ ಗಂಡಸರು, ಕೊಟ್ಟದ್ದನ್ನು ಹಿಂದಕ್ಕೆ ಪಡೆದವನೆಂದು, ಅವನಿಗೆ ಹೊಸ ಹೆಸರು ಹಚ್ಚಿದರು: ಇಸಗೊಂಡ ಸಮಾಧಾನಪ್ಪ. ಕೆಲಸ ಬಿಡುವ ಭೋಂಗಾ ಊದಿ ಜನ ಗೇಟಿನಿಂದ ಹೊರಗೆ ಬರುವಾಗ ಹಿಂದಿನಿಂದ ಯಾರಾದರೊಬ್ಬರು ಕೂಗಿಯೇ ಕೂಗುವರು. ಮೊದಲಿನ ಸಮಾಧಾನಪ್ಪ ಆಗಿದ್ದರೆ ನಾಲ್ಕು ಹಲ್ಲು ಉದುರುತ್ತಿದ್ದವು. ಇವನು ಬುತ್ತಿಯ ಗಂಟು ಕೈಗೆ ಸುತ್ತಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದ. ಕೆಲವು ಸಂಜೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಜೂನಿನ ಮೊದಲ ವಾರ ಎಸ್ತೇರ ಹೊರಟಳು. ಟ್ರಂಕನ್ನು ಸಮಾಧಾನಪ್ಪ ತಲೆಯ ಮೇಲೆ ಹೊತ್ತುಕೊಂಡಿದ್ದ. ಹಮಾಲನನ್ನು ಕರೆಯಲು ಬಿಡಲಿಲ್ಲ. ದಾನವ್ವ, ನಾನು ಹಿಂದಿದ್ದೆವು. ಪ್ಲಾಟ್‌ಫಾರ್ಮಿನ ಮೇಲೆ ಇಸ್ರಾಯೇಲಪ್ಪ ತನ್ನ ಬೆಟಗೇರಿಯ ಬೀಗರನ್ನು ಇಳಿಸಿಕೊಳ್ಳಲು ಬಂದಿದ್ದ. ಬೀಗರು ನಮ್ಮನ್ನು ನೋಡಿ ಏನೋ ಕೇಳಿದರು. ಇಸ್ರಾಯೇಲಪ್ಪ ದನಿ ಇಳಿಸದೆಯೇ ಹೇಳಿದ:

“ಅಂವ ಗೊತ್ತಿಲ್ಲೇನ್ರಿ? ಇಸಗೊಂಡ ಸಮಾಧಾನಪ್ಪ.”

ಬೀಗರು ನಕ್ಕರು. ಎಸ್ತೇರಳ ಮುಖ ಕಪ್ಪಾಯಿತು. ಸಮಾಧಾನಪ್ಪ ನಿಂತ. ತಲೆಯ ಮೇಲೆ ಟ್ರಂಕು ಇದ್ದುದರಿಂದ ಇಡೀ ಮೈಯನ್ನೇ ಅವರ ಕಡೆ ತಿರುಗಿಸಬೇಕಾಯಿತು. ನಾನು ದಾನವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

“ಹೌದ್ರಿ, ನಾನ ಅಂವ” ಎಂದ ಅವನು. ಒಂದು ಕೈಯಿಂದ ಟ್ರಂಕು ಹಿಡಿದು ಇನ್ನೊಂದು ಕೈಯಿಂದ ಎಸ್ತೇರಳನ್ನು ತೋರಿಸಿದ. “ಇಸಗೊಂಡದ್ದು ಇಕಿನ್ನ ನೋಡ್ರಿ. ನನ್ನ ಮಗಳು.”